ಕಷ್ಟ ಬಂದಾಗ ಮಗು ಯಾರ ಹತ್ತಿರ ಹೋಗಬೇಕು? ನಂಬಿಕಸ್ಥ ದೊಡ್ಡವರನ್ನು ಗುರುತಿಸಲು ಕಲಿಸುವ ಕ್ರಮ

‘ಗೊತ್ತಿಲ್ಲದವರ ಜೊತೆ ಹೋಗಬೇಡ, ಅವರು ಕೊಟ್ಟ ಚಾಕೊಲೇಟ್ ತಿನ್ನಬೇಡ ಅಂತ ಹೇಳಿಕೊಟ್ಟಿದ್ದೇವೆ. ಇನ್ನೇನು ಹೇಳಿಕೊಡಬೇಕು?’ ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಯಾರ ಹತ್ತಿರ ಹೋಗಬಾರದು ಅನ್ನೋದು ಅರ್ಧ ಪಾಠ ಮಾತ್ರ. ಯಾರ ಹತ್ತಿರ ಹೋಗಬೇಕು, ಹೋಗಿ ಏನಂತ ಹೇಳಬೇಕು, ಅವರು ಕೇಳಿಸಿಕೊಳ್ಳದಿದ್ದರೆ ಮುಂದೇನು? ಈ ಉಳಿದರ್ಧವನ್ನು ಹೆಚ್ಚಿನ ಮನೆಗಳಲ್ಲಿ ಯಾರೂ ಹೇಳಿಕೊಡೋದೇ ಇಲ್ಲ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಮಾಡಿದ್ದು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದರು. ಹಾಗೆ ಮಾಡಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಅದನ್ನು ಯಾರಿಗೂ ಹೇಳಿರಲಿಲ್ಲ. ಯಾರಿಗೂ ಹೇಳಿರಲಿಲ್ಲ ಅನ್ನುವ ಆ ಸಂಗತಿಯನ್ನು ಬದಲಾಯಿಸೋದು ನಮ್ಮ ಕೈಯಲ್ಲಿದೆ. ಮುಂದೆ ಹೇಳುವ ಹತ್ತು ಹಂತಗಳು ಅದಕ್ಕಾಗಿ.

ಇದು ಲೈಂಗಿಕ ದೌರ್ಜನ್ಯಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಸ್ಕೂಲ್ ವ್ಯಾನಿನಲ್ಲಿ ದೊಡ್ಡ ಹುಡುಗರು ಹೊಡೆಯೋದು, ಮಾರ್ಕ್ಸ್ ಕಡಿಮೆ ಬಂತು ಅಂತ ಮನೆಗೆ ಹೋಗಲು ಹೆದರೋದು, ಜಾತ್ರೆಯಲ್ಲಿ ಕೈ ತಪ್ಪಿಹೋಗೋದು, ಮೊಬೈಲಿನಲ್ಲಿ ಯಾರೋ ಫೋಟೊ ಕೇಳೋದು, ಎಲ್ಲಕ್ಕೂ ಇದೇ ಪಾಠ ಉಪಯೋಗಕ್ಕೆ ಬರುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಒಂದು ಬಿಳಿ ಹಾಳೆ, ಬಣ್ಣದ ಪೆನ್ಸಿಲ್, ಟಿವಿ ಮತ್ತು ಮೊಬೈಲ್ ಆಫ್ ಮಾಡಿದ ಅರ್ಧ ಗಂಟೆ. ನಾಲ್ಕು ವರ್ಷದ ಮಗುವಿನಿಂದಲೇ ಶುರು ಮಾಡಬಹುದು. ಎಲ್ಲವನ್ನೂ ಒಂದೇ ದಿನ ಹೇಳಿ ಮುಗಿಸಲು ಹೋಗಬೇಡಿ. ಮಗುವಿಗೆ ಪರೀಕ್ಷೆ ಬರೆಸಿದ ಹಾಗಾಗಬಾರದು, ಹೆದರಿಕೆಯೂ ಹುಟ್ಟಬಾರದು.

1. ಮೊದಲು ನಮ್ಮ ಮಾತು ಸರಿಯಾಗಲಿ

‘ಊಟ ಮಾಡದಿದ್ದರೆ ಪೊಲೀಸ್‌ಗೆ ಹಿಡಿದುಕೊಡ್ತೀನಿ.’ ‘ಹಟ ಮಾಡಿದ್ರೆ ಡಾಕ್ಟರ್ ಹತ್ರ ಸೂಜಿ ಚುಚ್ಚಿಸ್ತೀನಿ.’ ‘ಇರು, ನಾಳೆ ಮಿಸ್‌ಗೆ ಹೇಳ್ತೀನಿ.’ ಎಷ್ಟೋ ಮನೆಗಳಲ್ಲಿ ದಿನಾ ಕೇಳುವ ಮಾತುಗಳಿವು. ಹೇಳುವವರಿಗೆ ಕೆಟ್ಟ ಉದ್ದೇಶ ಇರೋದಿಲ್ಲ, ತುತ್ತು ಒಳಗೆ ಹೋದರೆ ಸಾಕು ಅಂತ ಅಷ್ಟೆ. ಆದರೆ ಮಗು ಕಷ್ಟಕ್ಕೆ ಸಿಕ್ಕಾಗ ಸಹಾಯ ಕೇಳಬೇಕಾದವರು ಈ ಮೂವರೇ ಅಲ್ವಾ? ಅವರನ್ನೇ ಗುಮ್ಮ ಮಾಡಿಟ್ಟರೆ, ಜನಜಂಗುಳಿಯಲ್ಲಿ ಕಳೆದುಹೋದ ಮಗು ಖಾಕಿ ಬಟ್ಟೆ ಕಂಡೊಡನೆ ಅವಿತುಕೊಳ್ಳುತ್ತದೆ. ಇವತ್ತಿನಿಂದಲೇ ಈ ಬೆದರಿಕೆಗಳನ್ನು ಬಿಡಿ. ಅಜ್ಜಿ ತಾತಂದಿರಿಗೂ ನಿಧಾನವಾಗಿ ತಿಳಿಸಿ ಹೇಳಿ.

‘ಅಪ್ಪಂಗೆ ಹೇಳ್ಬೇಡ’ ಅನ್ನೋದು ಇನ್ನೊಂದು. ಐಸ್‌ಕ್ರೀಮ್ ಕೊಡಿಸಿ ಹೀಗೆ ಹೇಳುವಾಗ ನಾವು ಮಗುವಿಗೆ ಕಲಿಸುತ್ತಿರುವುದು ಒಂದೇ ವಿಷಯ: ಪ್ರೀತಿಸುವ ದೊಡ್ಡವರು ಗುಟ್ಟು ಇಟ್ಟುಕೊಳ್ಳಲು ಹೇಳುತ್ತಾರೆ. ಕೇಡು ಬಗೆಯುವವನು ಹೇಳುವುದೂ ಇದನ್ನೇ.

ಮನೆಗೆ ನೆಂಟರು ಬಂದಾಗ ‘ಮಾಮಂಗೆ ಒಂದು ಮುತ್ತು ಕೊಡು’ ಅಂತ ಒತ್ತಾಯ ಮಾಡುವುದನ್ನೂ ನಿಲ್ಲಿಸಿ. ಮಗುವಿಗೆ ಇಷ್ಟವಿಲ್ಲದಿದ್ದರೆ ನಮಸ್ಕಾರ ಸಾಕು, ದೂರದಿಂದ ಕೈ ಬೀಸಿದರೂ ಸಾಕು. ನೆಂಟರಿಗೆ ಬೇಜಾರಾದರೆ ಅದನ್ನು ನೀವು ಸಮಾಧಾನ ಮಾಡಿ. ಮಗುವಿನ ಮೈಯಿಂದ ಆ ಬೇಜಾರು ತೀರಿಸಬೇಕಾಗಿಲ್ಲ.

2. ನಂಬಿಕೆಗೆ ಅಳತೆ ನಡತೆ, ಸಂಬಂಧ ಅಲ್ಲ

ಹೆಚ್ಚಿನವರು ಇಲ್ಲಿ ಎಡವುತ್ತಾರೆ. ‘ದೊಡ್ಡಪ್ಪ ನಮ್ಮವರು, ಮೇಷ್ಟ್ರು ಒಳ್ಳೆಯವರು, ಅರ್ಚಕರು ದೇವರಂಥವರು’ ಅಂತ ಸಂಬಂಧ ಮತ್ತು ಸ್ಥಾನ ನೋಡಿ ಪಟ್ಟಿ ಮಾಡಿಬಿಡುತ್ತೇವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳನ್ನು ನೋಡಿದರೆ, ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಪರಿಚಿತನೇ. ಹಾಗಂತ ಎಲ್ಲ ನೆಂಟರನ್ನೂ ಅನುಮಾನದಿಂದ ನೋಡಿ ಅಂತಲ್ಲ. ಅವರ ನಡತೆ ನೋಡಿ ಅಂತ.

ಒಬ್ಬೊಬ್ಬರನ್ನೂ ಮನಸ್ಸಿಗೆ ತಂದುಕೊಂಡು ಕೇಳಿಕೊಳ್ಳಿ. ಕಚಗುಳಿ ಇಡುವಾಗ ಮಗು ‘ಸಾಕು’ ಅಂದರೆ ಇವರು ತಕ್ಷಣ ಕೈ ತೆಗೆಯುತ್ತಾರಾ, ಇಲ್ಲ ನಗುತ್ತಾ ಇನ್ನೂ ಜೋರು ಮಾಡುತ್ತಾರಾ? ಇದು ಸಣ್ಣ ವಿಷಯ ಅನ್ನಿಸಬಹುದು. ಮಗುವಿನ ‘ಬೇಡ’ಕ್ಕೆ ಬೆಲೆ ಕೊಡುವವರು ಯಾರು ಅನ್ನೋದು ಗೊತ್ತಾಗುವುದೇ ಇಲ್ಲಿ. ಮಗು ಹೇಳಿದ್ದನ್ನು ನಾಲ್ಕು ಜನರ ಮುಂದೆ ಹೇಳಿ ನಗಾಡುತ್ತಾರಾ? ಲೋಟ ಒಡೆದಾಗ ಕಿರುಚದೆ ಏನಾಯ್ತು ಅಂತ ಕೇಳುತ್ತಾರಾ? ಮಗುವನ್ನು ಒಂಟಿಯಾಗಿ ಕರೆದುಕೊಂಡು ಹೋಗಲು ನೆಪ ಹುಡುಕುತ್ತಾರಾ? ಫೋನ್ ಮಾಡಿದರೆ ಎತ್ತುತ್ತಾರಾ? ಎಷ್ಟೇ ಒಳ್ಳೆಯವರಾದರೂ ಕೈಗೆ ಸಿಗದಿದ್ದರೆ ಆ ಹೊತ್ತಿಗೆ ಪ್ರಯೋಜನವಿಲ್ಲ.

ಇಲ್ಲೊಂದು ಪದ ತಿಳಿದಿರಲಿ, ‘ಗ್ರೂಮಿಂಗ್’. ಕೆಟ್ಟ ಉದ್ದೇಶ ಇರುವವರು ಮಗುವನ್ನೂ ಮನೆಯವರನ್ನೂ ತಿಂಗಳುಗಟ್ಟಲೆ ಒಲಿಸಿಕೊಳ್ಳುತ್ತಾರೆ. ಉಡುಗೊರೆ ಕೊಡುವುದು, ವಿಶೇಷ ಪ್ರೀತಿ ತೋರಿಸುವುದು, ಸಣ್ಣ ಸಣ್ಣ ಗುಟ್ಟು ಹಂಚಿಕೊಳ್ಳುವುದು, ಆಮೇಲೆ ಮೈ ಮುಟ್ಟುವುದು. ಇದಕ್ಕೆ ಆ ಹೆಸರು. ‘ಎಷ್ಟು ಒಳ್ಳೆಯವರು!’ ಅಂತ ಮನೆಮಂದಿಗೆಲ್ಲ ಅನ್ನಿಸುವುದು ಇಂಥ ಹೊತ್ತಿನಲ್ಲೇ.

3. ಹೇಳಲು ಮಾತು ಕೊಡಿ

ಏನಾಯಿತು ಅಂತ ಹೇಳಲು ಮಗುವಿಗೆ ಮಾತೇ ಗೊತ್ತಿಲ್ಲದಿದ್ದರೆ ಯಾರ ಹತ್ತಿರ ಹೋಗಿ ಏನು ಹೇಳೀತು? ಗುಪ್ತಾಂಗಗಳಿಗೆ ಒಂದೊಂದು ಮನೆಯಲ್ಲಿ ಒಂದೊಂದು ಮುದ್ದಿನ ಹೆಸರು. ಮನೆಯಲ್ಲಿ ಅದಕ್ಕೆ ‘ಹೂವು’ ಅನ್ನುತ್ತಿದ್ದರೆ, ‘ಅಂಕಲ್ ನನ್ನ ಹೂವು ಮುಟ್ಟಿದ್ರು’ ಅಂತ ಮಗು ಟೀಚರ್ ಹತ್ತಿರ ಹೇಳುತ್ತದೆ. ಟೀಚರ್ ‘ಇನ್ನೊಂದು ಹೂವು ತಂದರಾಯ್ತು ಬಿಡು’ ಅಂದುಬಿಡುತ್ತಾರೆ. ಮಗು ಹೇಳಿತು, ಆದರೆ ಯಾರಿಗೂ ತಲುಪಲಿಲ್ಲ. ಆದ್ದರಿಂದ ಮನೆಯ ಹೊರಗಿನವರಿಗೂ ಅರ್ಥವಾಗುವ ಮಾತು ಕಲಿಸಿ. ಶಿಶ್ನ, ಯೋನಿ ಅನ್ನಲು ನಿಮಗೆ ಸಂಕೋಚವಾದರೆ ಕಡೇಪಕ್ಷ ‘ಸುಸ್ಸು ಮಾಡುವ ಜಾಗ’ ಅನ್ನುವುದಾದರೂ ಬರಲಿ. ಚಡ್ಡಿ ಮುಚ್ಚುವ ಜಾಗವನ್ನು ಸ್ನಾನ ಮಾಡಿಸುವಾಗ ಅಥವಾ ಅಮ್ಮ ಜೊತೆಗಿದ್ದು ಡಾಕ್ಟರ್ ನೋಡುವಾಗ ಬಿಟ್ಟು ಬೇರೆ ಯಾರೂ ಮುಟ್ಟಬಾರದು, ತಮ್ಮದನ್ನು ಮುಟ್ಟಿಸಿಕೊಳ್ಳಲೂಬಾರದು, ಫೋಟೊ ತೆಗೆಯಬಾರದು ಅಂತ ಸ್ಪಷ್ಟವಾಗಿ ಹೇಳಿ. ಗಂಡು ಮಕ್ಕಳಿಗೂ ಇಷ್ಟೇ ಸ್ಪಷ್ಟವಾಗಿ ಹೇಳಬೇಕು.

ಅನ್ನಿಸಿಕೆಗಳಿಗೂ ಮಾತು ಬೇಕು. ‘ಎದೆ ಡವಡವ ಅನ್ನೋದು’, ‘ಹೊಟ್ಟೆಯಲ್ಲಿ ಒಂಥರಾ ಆಗೋದು’, ‘ಅಳು ಬಂದ ಹಾಗಾಗೋದು’. ಹೀಗಾದಾಗ ದೊಡ್ಡವರ ಹತ್ತಿರ ಹೋಗಬೇಕು ಅಂತ ಹೇಳಿಕೊಡಿ. ಕೆಲವೊಮ್ಮೆ ಮಗುವಿಗೆ ಹಾಗೇನೂ ಅನ್ನಿಸದೆಯೂ ಇರಬಹುದು, ಇಷ್ಟದವರು ಮುಟ್ಟಿದ್ದು ಆಟದಂತೆಯೇ ಕಾಣಬಹುದು. ಹಾಗಾಗಿ ಅನ್ನಿಸಿಕೆಯ ಜೊತೆಗೆ ಚಡ್ಡಿ ಜಾಗದ ನಿಯಮವೂ ಗೊತ್ತಿರಬೇಕು.

ಗುಟ್ಟು ಮತ್ತು ಸರ್‌ಪ್ರೈಸ್ ಎರಡೂ ಬೇರೆ ಅಂತಲೂ ತಿಳಿಸಿ. ಅಜ್ಜಿಯ ಹುಟ್ಟುಹಬ್ಬಕ್ಕೆ ತಂದ ಸೀರೆ ಸರ್‌ಪ್ರೈಸ್. ಭಾನುವಾರ ಎಲ್ಲರಿಗೂ ಗೊತ್ತಾಗುತ್ತದೆ, ಎಲ್ಲರಿಗೂ ಖುಷಿಯಾಗುತ್ತದೆ. ‘ಯಾವತ್ತೂ ಯಾರಿಗೂ ಹೇಳಬೇಡ’ ಅಂದರೆ ಅದು ಗುಟ್ಟು. ಗುಟ್ಟು ಇಟ್ಟುಕೊಳ್ಳಲು ಯಾವ ದೊಡ್ಡವರು ಹೇಳಿದರೂ ಕೇಳಬೇಕಾಗಿಲ್ಲ.

4. ಕೈಯ ಚಿತ್ರ ಬರೆಸಿ

ಈಗ ಹಾಳೆ ತೆಗೆದುಕೊಳ್ಳಿ. ಮಗು ತನ್ನ ಎಡಗೈಯನ್ನು ಹಾಳೆ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಎಳೆಯಲಿ. ಐದು ಬೆರಳಿಗೆ ಐದು ಜನ. ಹೆಸರು ಬರೆಯಲು ಬಾರದ ಮಗು ಮುಖದ ಚಿತ್ರ ಬರೆದರಾಯಿತು: ಜಡೆ ಹಾಕಿದ ಅಜ್ಜಿ, ಕನ್ನಡಕದ ಮಿಸ್.

‘ನಿನಗೆ ಯಾರ ಮೇಲೆ ನಂಬಿಕೆ?’ ಅಂತ ನೇರವಾಗಿ ಕೇಳಿದರೆ ಪುಟ್ಟ ಮಕ್ಕಳಿಗೆ ಏನೂ ಹೊಳೆಯುವುದಿಲ್ಲ. ನಡೆಯುವಂಥ ಸಂಗತಿ ಹೇಳಿ ಕೇಳಿ. ‘ಸ್ಕೂಲಲ್ಲಿ ಹೊಟ್ಟೆನೋವು ಬಂದ್ರೆ ಮೊದಲು ಯಾರಿಗೆ ಹೇಳ್ತೀಯಾ?’ ‘ವ್ಯಾನಲ್ಲಿ ಯಾರಾದ್ರೂ ಬ್ಯಾಗ್ ಕಿತ್ಕೊಂಡ್ರೆ?’ ‘ಚಡ್ಡಿ ಒದ್ದೆ ಆಗಿಹೋದ್ರೆ ಯಾರ ಹತ್ರ ಹೇಳೋಕೆ ನಾಚಿಕೆ ಆಗಲ್ಲ?’ ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರಕ್ಕೆ ತುಂಬ ಬೆಲೆಯಿದೆ. ನಾಚಿಕೆಯ ವಿಷಯವನ್ನು ಯಾರ ಹತ್ತಿರ ಹೇಳುತ್ತದೋ ಅವರ ಹತ್ತಿರವೇ ಮಗು ದೊಡ್ಡ ಕಷ್ಟವನ್ನೂ ಹೇಳುವುದು.

ಪಟ್ಟಿ ಮಗುವಿನದಾಗಿರಲಿ. ನೀವು ಹೆಸರು ತುಂಬಬೇಡಿ. ಆದರೆ ಎರಡು ವಿಷಯ ನೋಡಿಕೊಳ್ಳಿ. ಕಡೇಪಕ್ಷ ಇಬ್ಬರು ಮನೆಯ ಹೊರಗಿನವರಾಗಿರಬೇಕು, ಅದರಲ್ಲಿ ಒಬ್ಬರು ಶಾಲೆಯವರಾದರೆ ಒಳ್ಳೆಯದು. ತೊಂದರೆ ಮನೆಯೊಳಗೇ ಇದ್ದರೆ ಮಗುವಿಗೆ ಹೊರಗೊಂದು ಬಾಗಿಲು ತೆರೆದಿರಬೇಕು. ಹಾಗೆಯೇ ಐವರೂ ಒಬ್ಬರಿಗೊಬ್ಬರು ಅಂಟಿಕೊಂಡವರಾಗದಿರಲಿ. ಅತ್ತೆ, ಮಾವ, ಅವರ ಮಗ ಅಂತ ಮೂರು ಬೆರಳು ಒಂದೇ ಮನೆಗೆ ಹೋದರೆ, ಆ ಮನೆಯವರಿಂದಲೇ ತೊಂದರೆಯಾದಾಗ ಮೂರೂ ಬೆರಳು ಒಟ್ಟಿಗೆ ಕಳೆದುಹೋಗುತ್ತವೆ.

ಮಗು ನಿಮ್ಮ ಹೆಸರನ್ನೇ ಹೇಳದಿರಬಹುದು, ಅಥವಾ ಅಮ್ಮನ ಹೆಸರು ಬರೆದು ಅಪ್ಪನದು ಬಿಡಬಹುದು. ಮನಸ್ಸಿಗೆ ನೋವಾಗುತ್ತದೆ, ನಿಜ. ಆದರೆ ‘ಯಾಕೆ, ನಾನು ಬೇಡ್ವಾ?’ ಅಂತ ಮುಖ ಸಣ್ಣ ಮಾಡಬೇಡಿ. ಹಾಗೆ ಮಾಡಿದರೆ ಮಗು ನಿಮ್ಮನ್ನು ಖುಷಿಪಡಿಸಲು ಹೆಸರು ಬರೆಯುತ್ತದೆ, ಕಷ್ಟ ಬಂದಾಗ ಹತ್ತಿರ ಬರುವುದಿಲ್ಲ. ಇನ್ನು, ನೀವು ಖಂಡಿತ ಬರೆಯುತ್ತದೆ ಅಂದುಕೊಂಡ ಒಬ್ಬರ ಹೆಸರನ್ನು ಮಗು ತಲೆ ಅಲ್ಲಾಡಿಸಿ ಬೇಡ ಅಂದರೆ ಅಲ್ಲೇ ವಿಚಾರಣೆ ಶುರು ಮಾಡಬೇಡಿ. ‘ಸರಿ, ಬೇಡ’ ಅನ್ನಿ. ಆಮೇಲಿನ ದಿನಗಳಲ್ಲಿ ಆ ವ್ಯಕ್ತಿ ಬಂದಾಗ ಮಗು ಹೇಗಿರುತ್ತದೆ ಅಂತ ಗಮನಿಸಿ. ಸದ್ಯಕ್ಕೆ ಅವರ ಜೊತೆ ಒಂಟಿಯಾಗಿ ಬಿಡಬೇಡಿ.

ಐದು ತುಂಬದಿದ್ದರೆ ಬಲವಂತ ಬೇಡ. ಮೂವರಿದ್ದರೂ ಸಾಕು.

5. ಆ ದೊಡ್ಡವರಿಗೆ ವಿಷಯ ತಿಳಿಸಿ

ಎಲ್ಲರೂ ಮರೆಯುವ ಹಂತ ಇದು. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ತನ್ನ ಹೆಸರು ಮಗುವಿನ ಬೆರಳ ಮೇಲಿದೆ ಅಂತಲೇ ಗೊತ್ತಿಲ್ಲದ ಪಕ್ಕದ ಮನೆಯ ಅಕ್ಕ, ಮಗು ಬಾಗಿಲಿಗೆ ಬಂದು ನಿಂತಾಗ ‘ಆಮೇಲೆ ಬಾ ಪುಟ್ಟಿ, ನೆಂಟರಿದ್ದಾರೆ’ ಅಂದು ಕಳಿಸಿಬಿಡಬಹುದು. ಮಗು ಇನ್ನೊಂದು ಸಲ ಬರುವುದು ಕಷ್ಟ.

ಹೋಗಿ ನೇರವಾಗಿ ಮಾತಾಡಿ. ‘ಅಕ್ಕಾ, ಪುಟ್ಟಿ ತನಗೆ ನಂಬಿಕೆ ಇರೋರ ಪಟ್ಟಿಯಲ್ಲಿ ನಿಮ್ಮ ಹೆಸರು ಬರೆದಿದ್ದಾಳೆ. ಯಾವತ್ತಾದ್ರೂ ಏನಾದ್ರೂ ಹೇಳ್ಕೊಂಡು ಬಂದ್ರೆ ಎಲ್ಲಾ ಬಿಟ್ಟು ಒಂದೈದು ನಿಮಿಷ ಕೇಳಿಸ್ಕೊಳ್ತೀರಾ?’ ಇಷ್ಟು ಸಾಕು. ಹೆಚ್ಚಿನವರಿಗೆ ಇದು ಹೆಮ್ಮೆ ಅನ್ನಿಸುತ್ತದೆ. ಹಿಂದೆಮುಂದೆ ನೋಡಿದರೆ ಒತ್ತಾಯಿಸಬೇಡಿ, ಮಗುವಿನ ಜೊತೆ ಕೂತು ಬೇರೊಬ್ಬರನ್ನು ಆರಿಸಿ.

ಒಪ್ಪಿಕೊಂಡವರಿಗೆ ಕೆಲವು ಮಾತು ಹೇಳಬೇಕು. ಮಗು ಹೇಳಿದ್ದನ್ನು ಮೊದಲು ನಂಬಿ. ‘ಯಾರಿಗೂ ಹೇಳಲ್ಲ’ ಅಂತ ಭಾಷೆ ಕೊಡಬೇಡಿ, ಆ ಮಾತು ಉಳಿಸಿಕೊಳ್ಳಲು ಆಗುವುದಿಲ್ಲ. ‘ನಿನಗೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ’ ಅನ್ನಿ. ಆರೋಪ ಬಂದ ವ್ಯಕ್ತಿಯನ್ನು ಹೋಗಿ ಜಗಳಕ್ಕೆ ಎಳೆಯಬೇಡಿ. ನಮಗೆ ಫೋನ್ ಮಾಡಿ. ಮತ್ತೊಂದು ಮಾತು, ಹೇಳಲು ಕಷ್ಟವಾದರೂ ಹೇಳಿಬಿಡಿ: ‘ಪುಟ್ಟಿ ಹೇಳೋದು ನಮ್ಮ ಮನೆಯವರ ಬಗ್ಗೆಯೇ ಆಗಿದ್ರೆ, ನನ್ನ ಬಗ್ಗೆಯೇ ಆಗಿದ್ರೂ, ನೀವು ನಮ್ಮ ಮುಖ ನೋಡಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.’

ಶಾಲೆಯ ಟೀಚರ್ ಹೆಸರಿದ್ದರೆ ಅವರನ್ನೂ ಭೇಟಿ ಮಾಡಿ. ಶಾಲೆಯಲ್ಲಿ ಮಕ್ಕಳ ರಕ್ಷಣಾ ಸಮಿತಿ ಇದೆಯಾ, ಮಕ್ಕಳು ಚೀಟಿ ಹಾಕುವ ದೂರು ಪೆಟ್ಟಿಗೆ ಇದೆಯಾ, ಅದನ್ನು ಯಾರು ಯಾವಾಗ ತೆಗೆಯುತ್ತಾರೆ ಅಂತ ಕೇಳಿ. ಪೆಟ್ಟಿಗೆ ಹೆಡ್ ಮಾಸ್ಟರ್ ಕೋಣೆಯ ಬಾಗಿಲಲ್ಲೇ ಇದ್ದರೆ ಮಕ್ಕಳು ಚೀಟಿ ಹಾಕಲು ಅಂಜುತ್ತಾರೆ. ಜಾಗ ಬದಲಾಯಿಸಲು ಪೋಷಕರ ಸಭೆಯಲ್ಲಿ ಕೇಳಬಹುದು.

6. ಹೇಳುವುದನ್ನು ಅಭ್ಯಾಸ ಮಾಡಿಸಿ

ಮಕ್ಕಳು ನಾವು ಅಡುಗೆಮನೆಯಲ್ಲಿ ಕುಕ್ಕರ್ ವಿಶಲ್ ಎಣಿಸುತ್ತಿರುವಾಗ, ಫೋನಿನಲ್ಲಿ ಮಾತಾಡುತ್ತಿರುವಾಗಲೇ ಬಂದು ಹೇಳುತ್ತಾರೆ. ನಮಗೆ ಅದು ಕಿವಿಗೇ ಬೀಳುವುದಿಲ್ಲ. ಇದಕ್ಕೊಂದು ಉಪಾಯ: ‘ಮುಖ್ಯವಾದ ಮಾತು’ ಅಂತ ಮಗು ಹೇಳಿದರೆ ದೊಡ್ಡವರು ಏನು ಮಾಡುತ್ತಿದ್ದರೂ ನಿಲ್ಲಿಸಿ ಕೂತು ಕೇಳಬೇಕು. ಮನೆಯಲ್ಲಿ ಇದನ್ನು ನಿಯಮ ಮಾಡಿಕೊಳ್ಳಿ. ಮೊದಮೊದಲು ಮಗು ಪೆನ್ಸಿಲ್ ಕಳೆದದ್ದಕ್ಕೂ ‘ಮುಖ್ಯವಾದ ಮಾತು’ ಅನ್ನುತ್ತದೆ. ಬೈಯಬೇಡಿ, ಕೇಳಿ. ನೀವು ನಿಜವಾಗಿ ಕೇಳುತ್ತೀರಾ ಅಂತ ಅದು ನೋಡುತ್ತಿರುತ್ತದೆ.

ಆಮೇಲೆ ಆಟದ ಹಾಗೆ ಅಭ್ಯಾಸ. ನೀವು ಟೀಚರ್ ಆಗಿ, ಮಗು ಬಂದು ಹೇಳಲಿ. ಎರಡನೇ ಸಲ, ಕೇಳಿಸಿಕೊಳ್ಳದ ಟೀಚರ್ ಆಗಿ. ‘ಈಗ ಏನ್ ಮಾಡ್ತೀಯಾ?’ ಅಂತ ಕೇಳಿ. ಮುಂದಿನ ಬೆರಳಿಗೆ ಹೋಗಬೇಕು. ಅವರೂ ಕೇಳದಿದ್ದರೆ ಅದರ ಮುಂದಿನ ಬೆರಳು. ಯಾರಾದರೂ ಒಬ್ಬರು ಎದ್ದು ಸಹಾಯ ಮಾಡುವ ತನಕ ಹೇಳುತ್ತಲೇ ಇರಬೇಕು. ಮೊದಲನೆಯವರು ‘ಸುಮ್ನಿರು, ಹಾಗೆಲ್ಲ ಹೇಳಬಾರದು’ ಅಂದರೆ ತಪ್ಪು ಅವರದು, ಹೇಳಿದ ಮಗುವಿನದಲ್ಲ. ಮಗುವಿಗೆ ಇದು ಬಾಯಿಪಾಠವಾಗಿರಬೇಕು.

ದೊಡ್ಡ ಮಕ್ಕಳ ವಿಷಯ ಬೇರೆ. ಹೈಸ್ಕೂಲಿಗೆ ಬಂದವರು ಮೊದಲು ಹೇಳುವುದು ಸ್ನೇಹಿತರಿಗೆ. ಅದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ‘ನಿನ್ನ ಫ್ರೆಂಡ್ ಹೀಗೆ ಹೇಳಿಕೊಂಡ್ರೆ ಅವಳ ಜೊತೆ ನೀನೂ ಒಬ್ಬ ದೊಡ್ಡವರ ಹತ್ರ ಹೋಗು, ಅದು ಚಾಡಿ ಹೇಳಿದ ಹಾಗಲ್ಲ’ ಅಂತ ತಿಳಿಸಿ. ಫೋಟೊ ಇಟ್ಟುಕೊಂಡು ಯಾರೋ ಹೆದರಿಸುತ್ತಿದ್ದರೆ ಮಕ್ಕಳು ಬಾಯಿಬಿಡದಿರಲು ದೊಡ್ಡ ಕಾರಣ, ಮೊಬೈಲ್ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ. ‘ಹೇಳಿದ್ರೆ ಮೊಬೈಲ್ ಕಿತ್ಕೊಳ್ಳಲ್ಲ’ ಅಂತ ಮೊದಲೇ ಮಾತು ಕೊಡಿ, ಕೊಟ್ಟ ಮೇಲೆ ಉಳಿಸಿಕೊಳ್ಳಿ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ ಇದೆ, ನಂಬರ್ 14416. 2022ರಲ್ಲಿ ಶುರುವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನ ನೀಡುತ್ತದೆ. ಕನ್ನಡದಲ್ಲೇ ಮಾತಾಡಬಹುದು.

7. ಪಟ್ಟಿಯಲ್ಲಿರುವವರು ಯಾರೂ ಇಲ್ಲದ ಕಡೆ

ಜಾತ್ರೆ, ದಸರಾ ಮೆರವಣಿಗೆ, ಮೆಜೆಸ್ಟಿಕ್ ಬಸ್ ನಿಲ್ದಾಣ, ಮಾಲ್. ಕೈ ತಪ್ಪಿದರೆ ಇರುವ ಜಾಗ ಬಿಟ್ಟು ಹುಡುಕಿಕೊಂಡು ಹೋಗಬಾರದು ಅನ್ನುವುದು ಮೊದಲ ಪಾಠ. ಎರಡನೆಯದು, ಸಹಾಯ ಮಾಡಲು ತಾನಾಗಿ ಬಂದವರಿಗಿಂತ ಮಗು ತಾನೇ ಆರಿಸಿಕೊಂಡವರು ಮೇಲು. ಯಾರನ್ನು ಆರಿಸಬೇಕು? ಮಕ್ಕಳನ್ನು ಜೊತೆಗಿಟ್ಟುಕೊಂಡಿರುವ ಅಮ್ಮ, ಸಮವಸ್ತ್ರದ ಪೊಲೀಸ್, ಬಸ್ ಕಂಡಕ್ಟರ್, ಅಂಗಡಿಯ ಕ್ಯಾಷ್ ಕೌಂಟರಿನಲ್ಲಿ ಕೂತವರು, ಮೈಕಿನಲ್ಲಿ ಹೇಳುವ ಕಡೆ ಇರುವವರು. ರೈಲು ನಿಲ್ದಾಣದಲ್ಲಾದರೆ ರೈಲ್ವೆ ಪೊಲೀಸರು. ಅವರ ಜೊತೆ ಗಾಡಿ ಹತ್ತುವುದಾಗಲಿ, ಜನರಿಲ್ಲದ ಕಡೆ ಹೋಗುವುದಾಗಲಿ ಬೇಡ, ಫೋನ್ ಮಾಡಿಸಿಕೊಂಡು ಅಲ್ಲೇ ನಿಲ್ಲಬೇಕು.

ಅಪ್ಪ ಅಮ್ಮನ ಪೂರ್ತಿ ಹೆಸರು ಮತ್ತು ಒಂದು ಫೋನ್ ನಂಬರ್ ಮಗುವಿಗೆ ಬಾಯಿಗೆ ಬರಬೇಕು. ಈಗ ನಂಬರೆಲ್ಲ ಮೊಬೈಲಿನಲ್ಲೇ ಇರುವುದರಿಂದ ದೊಡ್ಡವರಿಗೇ ನೆನಪಿರುವುದಿಲ್ಲ, ಮಕ್ಕಳಿಗಂತೂ ಹೇಳಿಕೊಡುವುದೇ ಇಲ್ಲ. ಹಾಡಿನ ಧಾಟಿಯಲ್ಲಿ ಹೇಳಿಸಿದರೆ ಬೇಗ ಬರುತ್ತದೆ.

ಶಾಲೆಯಿಂದ ಕರೆದೊಯ್ಯಲು ಬೇರೆಯವರು ಬರುವುದಾದರೆ ಒಂದು ಗುರುತಿನ ಪದ ಇಟ್ಟುಕೊಳ್ಳಿ. ‘ಅಮ್ಮಂಗೆ ಹುಷಾರಿಲ್ಲ, ನನ್ನ ಜೊತೆ ಬಾ’ ಅಂತ ಯಾರಾದರೂ ಬಂದಾಗ ಆ ಪದ ಹೇಳದಿದ್ದರೆ ಮಗು ವಾಪಸ್ ಟೀಚರ್ ಹತ್ತಿರ ಹೋಗಬೇಕು. ಒಮ್ಮೆ ಬಳಸಿದ ಮೇಲೆ ಪದ ಬದಲಾಯಿಸಿ.

8. ಹತ್ತು, ಒಂಬತ್ತು, ಎಂಟು

ಕೈಯ ಚಿತ್ರದ ಅಂಗೈಯಲ್ಲಿ ದೊಡ್ಡದಾಗಿ 1098 ಅಂತ ಬರೆಸಿ. ಇದು ಮಕ್ಕಳ ಸಹಾಯವಾಣಿ. ಮುಂಬೈಯಲ್ಲಿ 1996ರಲ್ಲಿ ಶುರುವಾಗಿ ದೇಶದ ಉದ್ದಗಲಕ್ಕೂ ಹಬ್ಬಿತು. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಖರ್ಚಾಗುವುದಿಲ್ಲ. ಹತ್ತು, ಒಂಬತ್ತು, ಎಂಟು ಅಂತ ಹಿಂದಕ್ಕೆ ಎಣಿಸಿದರೆ ಪುಟ್ಟ ಮಗುವಿಗೂ ನೆನಪಿರುತ್ತದೆ. ಮಗುವೇ ಮಾಡಬಹುದು, ಮಗುವಿನ ಪರವಾಗಿ ಯಾರು ಬೇಕಾದರೂ ಮಾಡಬಹುದು. ಪ್ರಾಣಕ್ಕೆ ಅಪಾಯವಿದ್ದು ತಕ್ಷಣ ಪೊಲೀಸ್ ಬೇಕು ಅಂದರೆ 112.

ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ ಅಂತ ಒಂದಿದೆ. ಕಷ್ಟದಲ್ಲಿರುವ ಮಗುವಿಗೆ ಆಸರೆ, ರಕ್ಷಣೆ ಏನು ಬೇಕು ಅಂತ ತೀರ್ಮಾನಿಸುವ ಅಧಿಕಾರ ಇರುವ ಐದು ಜನರ ಸಮಿತಿ ಅದು. ಹಳ್ಳಿಯಲ್ಲಾದರೆ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಹತ್ತಿರದಲ್ಲೇ ಸಿಗುತ್ತಾರೆ. ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮ ಸಭೆಗೆ ನಿಮ್ಮ ಮಗುವನ್ನು ತಪ್ಪದೆ ಕಳಿಸಿ. ದೊಡ್ಡವರ ಮುಂದೆ ಎದ್ದು ನಿಂತು ‘ನಮಗೆ ಇದು ಸರಿಹೋಗ್ತಿಲ್ಲ’ ಅನ್ನುವ ಧೈರ್ಯ ಅಲ್ಲಿ ಬರುತ್ತದೆ.

9. ಮಗು ಬಂದು ಹೇಳಿದ ದಿನ

ಮಕ್ಕಳು ನೇರವಾಗಿ ಹೇಳುವುದು ಕಡಿಮೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳುತ್ತಾರೆ. ‘ನಂಗೆ ಟ್ಯೂಷನ್ ಬೇಡ.’ ‘ಆ ಅಂಕಲ್ ಮನೆಗೆ ನಾನು ಬರಲ್ಲ.’ ಆಗ ‘ಓದೋಕೆ ಸೋಮಾರಿತನ’ ಅಂದುಬಿಟ್ಟರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ‘ಹೌದಾ? ಅಲ್ಲಿ ಏನಾಗುತ್ತೆ ಹೇಳು’ ಅನ್ನಿ.

ಹೇಳಲು ಶುರು ಮಾಡಿದ ಮೇಲೆ ನಿಮ್ಮ ಮುಖ ಆದಷ್ಟೂ ಶಾಂತವಾಗಿರಲಿ. ನೀವು ಅತ್ತರೆ, ಕೂಗಾಡಿದರೆ, ತಾನು ಹೇಳಿದ್ದೇ ತಪ್ಪು ಅಂದುಕೊಂಡು ಮಗು ಮಾತು ನುಂಗಿಕೊಳ್ಳುತ್ತದೆ. ‘ಹೇಳಿದ್ದು ಒಳ್ಳೇದಾಯ್ತು. ನಿನ್ನದೇನೂ ತಪ್ಪಿಲ್ಲ. ನಾನು ನಿನ್ನ ಜೊತೆ ಇದ್ದೀನಿ.’ ಈ ಮೂರು ಮಾತು ಹೇಳಿ. ‘ಆಮೇಲೆ ಏನಾಯ್ತು?’ ಅಂತ ಮಾತ್ರ ಕೇಳಿ. ‘ಅವನು ಇಲ್ಲಿ ಮುಟ್ಟಿದನಾ?’ ಅಂತ ಉತ್ತರವನ್ನು ನೀವೇ ಬಾಯಿಗೆ ಇಡಬೇಡಿ. ‘ಆಗಲೇ ಯಾಕೆ ಹೇಳಲಿಲ್ಲ?’ ಅಂತಂತೂ ಕೇಳಲೇಬೇಡಿ. ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ತಾರೀಕು ಹಾಕಿ ಬರೆದಿಡಿ. ಈಗಷ್ಟೇ ಆಗಿದ್ದರೆ ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ಕಾಗದ ತನ್ನಿ ಅಂತ ಹೇಳಿ ಯಾವ ಆಸ್ಪತ್ರೆಯೂ ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ, ದುಡ್ಡೂ ಕೇಳುವಂತಿಲ್ಲ.

ಇಲ್ಲಿ ಕಾನೂನು ತಿಳಿದಿರಬೇಕು. ಪೋಕ್ಸೋ ಅಂದರೆ 18 ವರ್ಷದೊಳಗಿನ ಎಲ್ಲ ಮಕ್ಕಳನ್ನೂ, ಗಂಡಿರಲಿ ಹೆಣ್ಣಿರಲಿ, ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯ್ದೆ. ಅದರ 19ನೇ ಸೆಕ್ಷನ್ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ‘ಮನೆ ಮರ್ಯಾದೆ ಹೋಗುತ್ತೆ, ಕೂತು ಮಾತಾಡಿ ಮುಗಿಸೋಣ’ ಅನ್ನುವ ಹಿರಿಯರಿಗೆ ಇದನ್ನು ಹೇಳಿ. ಮಗುವಿನ ಹೆಸರು, ಫೋಟೊ, ಶಾಲೆ, ವಿಳಾಸ ಯಾವುದನ್ನೂ ಮಾಧ್ಯಮದವರು ಹೊರಹಾಕುವಂತಿಲ್ಲ.

ಠಾಣೆಗೆ ಅಲೆಯಬೇಕಾಗುತ್ತದೆ ಅಂತ ಹೆದರುವವರು ಬಹಳ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸುವ ಜಾಗದಲ್ಲಿ ಬರೆದುಕೊಳ್ಳಬೇಕು. ಸಾಧ್ಯವಾದಷ್ಟೂ ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗಿನವರಲ್ಲದ ಮಹಿಳಾ ಅಧಿಕಾರಿ ಬರಬೇಕು, ಸಮವಸ್ತ್ರದಲ್ಲಿ ಇರಬಾರದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹೇಳಿಕೆ ಕೊಡುವಾಗ ಅಪ್ಪ ಅಮ್ಮ ಅಥವಾ ಮಗು ನಂಬುವ ಇನ್ಯಾರಾದರೂ ಪಕ್ಕದಲ್ಲಿರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ವೈದ್ಯಕೀಯ ಪರೀಕ್ಷೆಯಲ್ಲೂ ಕೋರ್ಟಿನಲ್ಲೂ ಹಾಗೆಯೇ. ಯಾರು ಆ ‘ಇನ್ಯಾರಾದರೂ’? ಮಗುವಿನ ಬೆರಳ ಮೇಲೆ ಹೆಸರಿರುವವರೇ. ಮಗುವಿಗೆ ಬೇಕಾದವರನ್ನು ಅದೇ ಹೇಳಲಿ.

10. ಪ್ರತಿ ವರ್ಷ ಹೊಸ ಹಾಳೆ

ಬೇಸಿಗೆ ರಜೆ ಮುಗಿದು ಶಾಲೆ ಶುರುವಾಗುವಾಗ ಹೊಸ ಕೈಯ ಚಿತ್ರ ಬರೆಸಿ. ಟೀಚರ್ ಬದಲಾಗಿರುತ್ತಾರೆ, ಬಾಡಿಗೆ ಮನೆ ಬದಲಾಗಿರುತ್ತದೆ, ಹೊಸ ಟ್ಯೂಷನ್, ಹೊಸ ವ್ಯಾನ್ ಡ್ರೈವರ್. ಹಳೆಯ ಪಟ್ಟಿಯಲ್ಲಿದ್ದ ಹೆಸರೊಂದು ಈ ಸಲ ಇಲ್ಲದಿದ್ದರೆ ಗಮನದಲ್ಲಿಟ್ಟುಕೊಳ್ಳಿ.

ಮಗುವನ್ನು ವಸತಿ ಶಾಲೆಗೋ ಹಾಸ್ಟೆಲಿಗೋ ಬಿಡುವವರು ಹಾಳೆಯನ್ನು ಟ್ರಂಕಿನೊಳಗೆ ಇಟ್ಟು ಕಳಿಸಿದರೆ ಸಾಲದು. ಮಗು ಮನೆಗೆ ಫೋನ್ ಮಾಡುವಾಗ ವಾರ್ಡನ್ ಪಕ್ಕದಲ್ಲೇ ನಿಂತಿರುತ್ತಾರಾ ಅಂತ ಮೊದಲೇ ವಿಚಾರಿಸಿ. ನಿಂತಿರುತ್ತಾರೆ ಅಂದರೆ, ‘ಮುಖ್ಯವಾದ ಮಾತು’ ಅನ್ನುವ ಬದಲು ಬೇರೊಂದು ಸಾಮಾನ್ಯ ಮಾತನ್ನು ಗುರುತಾಗಿ ಇಟ್ಟುಕೊಳ್ಳಿ. ‘ಅಜ್ಜಿಗೆ ಕಾಲುನೋವು ಹೇಗಿದೆ?’ ಅಂತ ಮಗು ಕೇಳಿದರೆ ಬಂದು ನೋಡಿ ಅಂತ ಅರ್ಥ. ಮಾತಾಡಲು ಬಾರದ, ಕಿವಿ ಕೇಳದ ಮಗುವಾದರೆ ಹೆಸರಿನ ಬದಲು ಆ ದೊಡ್ಡವರ ಫೋಟೊಗಳನ್ನು ಅಂಟಿಸಿ. ‘ಸಹಾಯ ಬೇಕು’ ಅನ್ನುವ ಸನ್ನೆಯನ್ನು ಅಷ್ಟೂ ಜನರಿಗೆ ಕಲಿಸಿ. ಹೊರದೇಶದಲ್ಲಿರುವ ಕನ್ನಡಿಗರು ಅಂಗೈಯಲ್ಲಿ ಅಲ್ಲಿನ ತುರ್ತು ನಂಬರ್ ಬರೆಸಬೇಕು: ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999, ಆಸ್ಟ್ರೇಲಿಯದಲ್ಲಿ 000. ಊರಿಗೆ ರಜೆಗೆ ಬಂದಾಗ ಅದರ ಪಕ್ಕದಲ್ಲೇ 1098 ಸೇರಿಸಿ.